ಎರಡು ಎಂಜಿನಿಯರಿಂಗ್ ಮೇಜರ್, ಒಂದು ವಿಶ್ವವಿದ್ಯಾಲಯ: ಆಯ್ಕೆ ಮಾಡುವುದು ಹೇಗೆ?

ಎರಡು ಎಂಜಿನಿಯರಿಂಗ್ ವಿಷಯಗಳನ್ನು ಒಟ್ಟಿಗೆ ಓದಬೇಕೆಂದು ನಿರ್ಧರಿಸಿದವರು ಮೊದಲು ತೆರೆಯುವುದು ರ‍್ಯಾಂಕಿಂಗ್ ಪಟ್ಟಿಯನ್ನು. ನಾನೂ ಹಾಗೆಯೇ ಮಾಡಿದ್ದೆ. ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎರಡರಲ್ಲೂ ಹೆಸರು ಮಾಡಿದ್ದ ಒಂದು ವಿಶ್ವವಿದ್ಯಾಲಯವನ್ನು ಆರಿಸಿಕೊಂಡೆ. ಮೂರನೆಯ ವರ್ಷದಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಪ್ರಯೋಗಾಲಯವೂ ಸಿಗ್ನಲ್ಸ್ ಕೋರ್ಸಿನ ತರಗತಿಯೂ ಒಂದೇ ದಿನ, ಒಂದೇ ಹೊತ್ತಿಗೆ ಬಿದ್ದವು. ಎರಡನ್ನೂ ವರ್ಷಕ್ಕೊಮ್ಮೆ ಮಾತ್ರ ನಡೆಸುತ್ತಿದ್ದರು. ಒಂದನ್ನು ಬಿಟ್ಟೆ. ಅದರ ಹಿಂದೆ ಸಾಲುಗಟ್ಟಿ ನಿಂತಿದ್ದ ಮೂರು ಕೋರ್ಸುಗಳೂ ಮುಂದಕ್ಕೆ ಹೋದವು, ಪದವಿ ಒಂದು ವರ್ಷ ತಡವಾಯಿತು. ಎರಡೂ ವಿಭಾಗಗಳು ಚೆನ್ನಾಗಿದ್ದವು, ಅಧ್ಯಾಪಕರು ಒಳ್ಳೆಯವರಿದ್ದರು. ಆದರೆ ವೇಳಾಪಟ್ಟಿ ತಯಾರಿಸುವಾಗ ಒಂದು ವಿಭಾಗ ಇನ್ನೊಂದನ್ನು ಕೇಳಿರಲಿಲ್ಲ.

ಡಬಲ್ ಮೇಜರ್, ಅಂದರೆ ಪದವಿಯಲ್ಲಿ ಎರಡು ಮುಖ್ಯ ವಿಷಯ, ಓದುವವರು ವಿಶ್ವವಿದ್ಯಾಲಯವನ್ನು ಆರಿಸುವಾಗ ನಿಜವಾಗಿ ಆರಿಸುತ್ತಿರುವುದು ಅದರ ನಿಯಮಾವಳಿಯನ್ನು ಮತ್ತು ವೇಳಾಪಟ್ಟಿಯನ್ನು. ಒಂದೇ ಮೇಜರ್ ಓದುವವರಿಗೆ ಇವೆರಡೂ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವರ ದಾರಿಯನ್ನು ವಿಭಾಗವೇ ಹಾಕಿಕೊಟ್ಟಿರುತ್ತದೆ. ಎರಡು ಮೇಜರ್ ಹಿಡಿದವರು ತಮ್ಮ ದಾರಿಯನ್ನು ತಾವೇ ಹಾಕಿಕೊಳ್ಳಬೇಕು. ಅರ್ಜಿ ಹಾಕುವ ಮೊದಲೇ ಆ ಕೆಲಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಯಾವುದನ್ನು ಕೇಳುತ್ತಿದ್ದೀರಿ ಎಂಬುದು ಸ್ಪಷ್ಟವಿರಲಿ

ಡಬಲ್ ಮೇಜರ್ ಎಂದರೆ ಒಂದು ಪದವಿ, ಅದರಲ್ಲಿ ಎರಡು ಮೇಜರ್. ಕೊನೆಗೆ ಕೈಗೆ ಬರುವುದು ಒಂದೇ ಪದವಿ ಪತ್ರ. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಇರುವುದು ಈ ಬಗೆಯದು. ಡ್ಯುಯಲ್ ಡಿಗ್ರಿ ಎಂದರೆ ಎರಡು ಪ್ರತ್ಯೇಕ ಪದವಿಗಳು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಎರಡನೆಯ ಪದವಿಗೆ ಮೊದಲನೆಯದರ ಮೇಲೆ ಕನಿಷ್ಠ 30 ಕ್ರೆಡಿಟ್ (ಕೋರ್ಸಿನ ಓದಿನ ಹೊರೆಯನ್ನು ಅಳೆಯುವ ಘಟಕ) ಹೆಚ್ಚುವರಿಯಾಗಿ ಓದಿರಬೇಕು ಎನ್ನುತ್ತವೆ. ಪಠ್ಯಗಳು ಎಷ್ಟೇ ಹೊಂದಿಕೊಂಡಿರಲಿ, ಆ 30 ಕ್ರೆಡಿಟ್ ತಪ್ಪುವುದಿಲ್ಲ. ಮೈನರ್ ಎಂದರೆ ಎರಡನೆಯ ವಿಷಯದಲ್ಲಿ ಐದಾರು ಕೋರ್ಸುಗಳು ಮಾತ್ರ.

ಇವುಗಳ ಜೊತೆಗೆ ಇನ್ನೊಂದಿದೆ, ಹುಡುಕುವವರು ಹೆಚ್ಚಾಗಿ ಕಡೆಗಣಿಸುವಂಥದ್ದು: ಎರಡು ವಿಷಯಗಳನ್ನು ವಿಶ್ವವಿದ್ಯಾಲಯವೇ ಬೆಸೆದು ಕೊಡುವ ಜಂಟಿ ಮೇಜರ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಟೀರಿಯಲ್ಸ್ ಸೈನ್ಸ್ ಮತ್ತು ಮೆಕ್ಯಾನಿಕಲ್, ಮೆಕ್ಯಾನಿಕಲ್ ಮತ್ತು ನ್ಯೂಕ್ಲಿಯರ್ ಮುಂತಾದ ಜಂಟಿ ಮೇಜರ್‌ಗಳು ಬಹಳ ಕಾಲದಿಂದ ಇವೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಏರೋಸ್ಪೇಸ್ ಮತ್ತು ಮೆಕ್ಯಾನಿಕಲ್ ಎರಡನ್ನೂ ಕೂಡಿಸಿದ ಡ್ಯುಯಲ್ ಡಿಗ್ರಿಯ ದಾರಿಯನ್ನು ತಾನೇ ಹಾಕಿಕೊಟ್ಟಿದೆ. ಕಾರ್ನಿಗಿ ಮೆಲನ್‌ನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಅನ್ನು ಪದವಿ ಹಂತದಲ್ಲಿ ಇನ್ನೊಂದು ಮೇಜರ್‌ನ ಜೊತೆಗೆ ಸೇರಿಸಿ ಓದುವಂತೆಯೇ ರೂಪಿಸಿದ್ದಾರೆ. ಎರಡು ದೋಣಿಗಳ ಮೇಲೆ ಒಂದೊಂದು ಕಾಲಿಟ್ಟು ನಿಲ್ಲುವುದು ಕಷ್ಟ. ಇಂಥ ಕಡೆ ದೋಣಿಗಳನ್ನು ಮೊದಲೇ ಒಟ್ಟಿಗೆ ಕಟ್ಟಿರುತ್ತಾರೆ. ನಿಮಗೆ ಬೇಕಾದ ಜೋಡಿಗೆ ಜಂಟಿ ಮೇಜರ್ ಇದ್ದರೆ ಆ ವಿಶ್ವವಿದ್ಯಾಲಯಕ್ಕೆ ಪಟ್ಟಿಯಲ್ಲಿ ಮೇಲಿನ ಜಾಗ ಕೊಡಿ.

ದೇಶ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಡಬಲ್ ಡಿಗ್ರಿ ಎಂದರೆ ಹೆಚ್ಚಿನ ಕಡೆ ಎಂಜಿನಿಯರಿಂಗ್ ಜೊತೆಗೆ ವಿಜ್ಞಾನ, ವಾಣಿಜ್ಯ ಅಥವಾ ಕಾನೂನು, ಅವಧಿ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಎರಡು ಎಂಜಿನಿಯರಿಂಗ್ ಮೇಜರ್‌ಗಳ ಪದ್ಧತಿ ಬೇರೂರಿಲ್ಲ, ಆದರೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್‌ನ ಮೊದಲ ಎರಡು ವರ್ಷ ಎಲ್ಲರಿಗೂ ಒಂದೇ ಪಠ್ಯ. ಶಾಖೆ ಹಿಡಿಯುವುದು ಆಮೇಲೆ. ಐಐಟಿ ಕಾನ್ಪುರದಲ್ಲಿ ಎರಡನೆಯ ಮೇಜರ್ ತೆಗೆದುಕೊಳ್ಳುವ ಅವಕಾಶವಿದೆ, ಪ್ರವೇಶ ಪಡೆದ ನಂತರ ಅರ್ಜಿ ಹಾಕಬೇಕು. ಮುಂದಿನ ಹಂತಗಳಲ್ಲಿ ನಾನು ಹೆಚ್ಚಾಗಿ ಅಮೆರಿಕದ ಮಾದರಿಯನ್ನೇ ಇಟ್ಟುಕೊಂಡಿದ್ದೇನೆ, ಡಬಲ್ ಮೇಜರ್ ಎಂಬುದು ಅತಿ ಹೆಚ್ಚು ಚಾಲ್ತಿಯಲ್ಲಿರುವುದು ಅಲ್ಲಿಯೇ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲಿಯಾದರೂ ಒಂದೇ.

ಹಂತ 2: ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ

"ಎರಡೂ ಇಷ್ಟ" ಎಂಬುದು ಪ್ರಾಮಾಣಿಕ ಕಾರಣವೇ. ಆದರೆ ಅದನ್ನು ಇಟ್ಟುಕೊಂಡು ವಿಶ್ವವಿದ್ಯಾಲಯವನ್ನು ಆರಿಸಲು ಆಗುವುದಿಲ್ಲ. ಯಾವ ಕೆಲಸ ಮಾಡಬೇಕೆಂದಿದ್ದೀರಿ, ಅದಕ್ಕೆ ಎರಡೂ ವಿಷಯಗಳ ಯಾವ ಭಾಗ ಬೇಕು ಎಂಬುದನ್ನು ಬರೆದುಕೊಳ್ಳಿ. ಉದಾಹರಣೆಗೆ, "ರೋಬೋಟ್‌ಗಳ ಕೈಕಾಲುಗಳನ್ನು ವಿನ್ಯಾಸ ಮಾಡಬೇಕು, ಅವುಗಳ ನಿಯಂತ್ರಣದ ಸರ್ಕ್ಯೂಟನ್ನೂ ನಾನೇ ಬರೆಯಬೇಕು." ಇಷ್ಟು ಬರೆದ ಕೂಡಲೇ ಹೊಸ ಪ್ರಶ್ನೆ ಏಳುತ್ತದೆ: ಇದಕ್ಕೆ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎರಡೂ ಪೂರ್ತಿಯಾಗಿ ಬೇಕೇ, ಅಥವಾ ಎರಡನ್ನೂ ಬೆರೆಸಿದ ಮೆಕಾಟ್ರಾನಿಕ್ಸ್ ಎಂಬ ಒಂದೇ ಪದವಿ ಸಾಕೇ? ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಂಥ ಕಡೆ ಮೆಕಾಟ್ರಾನಿಕ್ಸ್ ಸ್ವತಂತ್ರ ಪದವಿಯಾಗಿಯೇ ಇದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಎರಡನೆಯ ವಿಷಯದಲ್ಲಿ ಆಳಕ್ಕೆ ಇಳಿಯಬೇಕೆಂಬ ಆಸೆ ಇದ್ದರೆ, ಪದವಿಯಲ್ಲಿ ಮೈನರ್ ಮಾಡಿ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುವುದು ಬಹಳಷ್ಟು ಜನರಿಗೆ ಉತ್ತಮ ದಾರಿ. ಐದು ವರ್ಷ ಹೇಗೂ ಕಳೆಯುವುದಾದರೆ, ಪದವಿ ಹಂತದ ಎರಡು ಮೇಜರ್‌ಗಳಿಗಿಂತ ಒಂದು ಪದವಿ ಮತ್ತು ಒಂದು ಸ್ನಾತಕೋತ್ತರ ಪದವಿ ಹೆಚ್ಚು ತೂಕದ್ದು. ಎರಡೂ ವಿಷಯಗಳ ಬುನಾದಿಯೇ ಬೇಕೆನ್ನುವವರಿಗೆ, ಅಂದರೆ ಎರಡು ಶಾಖೆಗಳ ಗಡಿಯ ಮೇಲೆ ನಿಂತು ಕೆಲಸ ಮಾಡುವವರಿಗೆ, ಡಬಲ್ ಮೇಜರ್ ಸಾರ್ಥಕ. ನೀವು ಅಂಥವರಾದರೆ ಮುಂದೆ ಓದಿ.

ಹಂತ 3: ನಿಮ್ಮ ಜೋಡಿಯ ಹೊಂದಾಣಿಕೆಯನ್ನು ಅಳೆಯಿರಿ

ಎಲ್ಲ ಜೋಡಿಗಳೂ ಒಂದೇ ರೀತಿ ಇರುವುದಿಲ್ಲ. ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್ ಅಣ್ಣತಮ್ಮಂದಿರು: ಸರ್ಕ್ಯೂಟ್, ಡಿಜಿಟಲ್ ಲಾಜಿಕ್, ಸಿಗ್ನಲ್ಸ್ ಎರಡಕ್ಕೂ ಬೇಕು. ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಕೂಡ ಹಾಗೆಯೇ. ಸ್ಟ್ಯಾಟಿಕ್ಸ್, ಡೈನಾಮಿಕ್ಸ್, ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ವಸ್ತುಗಳ ಬಲ, ಕಂಪನ, ನಿಯಂತ್ರಣ ಎಲ್ಲವೂ ಸಮಾನ. ದಾರಿ ಕವಲೊಡೆಯುವುದು ಏರೋಡೈನಾಮಿಕ್ಸ್, ಪ್ರೊಪಲ್ಷನ್, ಕಕ್ಷೆಗಳ ಲೆಕ್ಕ ಬಂದಾಗ. ಸಿವಿಲ್ ಮತ್ತು ಎನ್ವಿರಾನ್‌ಮೆಂಟಲ್, ಕೆಮಿಕಲ್ ಮತ್ತು ಮೆಟೀರಿಯಲ್ಸ್ ಸಹ ಹತ್ತಿರದ ನೆಂಟರು. ಸಿವಿಲ್ ಮತ್ತು ಕಂಪ್ಯೂಟರ್, ಕೆಮಿಕಲ್ ಮತ್ತು ಎಲೆಕ್ಟ್ರಿಕಲ್ ಜೋಡಿಗಳಲ್ಲಿ ಗಣಿತ, ಭೌತಶಾಸ್ತ್ರ ಮತ್ತು ಮೊದಲ ವರ್ಷದ ಕೆಲವು ಕೋರ್ಸುಗಳನ್ನು ಬಿಟ್ಟರೆ ಹೆಚ್ಚಿನದೇನೂ ಕೂಡಿಬರುವುದಿಲ್ಲ.

ಇದನ್ನು ಅಂಕಿಗಳಲ್ಲಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಲೆಕ್ಕಕ್ಕಾಗಿ ಒಂದು ಮಾದರಿ ಇಟ್ಟುಕೊಳ್ಳೋಣ: ಪ್ರತಿ ಮೇಜರ್‌ಗೂ 128 ಕ್ರೆಡಿಟ್. ಅದರಲ್ಲಿ ಗಣಿತ ಮತ್ತು ಮೂಲವಿಜ್ಞಾನ 32, ಭಾಷೆ ಮತ್ತು ಮಾನವಿಕ ವಿಷಯಗಳು 24, ಎಲ್ಲ ಶಾಖೆಗಳಿಗೂ ಸಾಮಾನ್ಯವಾದ ಆರಂಭಿಕ ಕೋರ್ಸುಗಳು 12. ಒಟ್ಟು 68 ಕ್ರೆಡಿಟ್ ಎರಡಕ್ಕೂ ಸಮಾನ.

ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಜೋಡಿಯಾದರೆ ಎರಡನೆಯ ಮೇಜರ್‌ನಲ್ಲಿ ಇನ್ನೂ 60 ಕ್ರೆಡಿಟ್ ಉಳಿಯುತ್ತದೆ. ಮೊದಲ ಮೇಜರ್‌ನ 12 ಕ್ರೆಡಿಟ್ ತಾಂತ್ರಿಕ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ಕೋರ್ಸು) ಮತ್ತು 6 ಕ್ರೆಡಿಟ್ ಮುಕ್ತ ಎಲೆಕ್ಟಿವ್‌ಗಳ ಜಾಗದಲ್ಲಿ ಎರಡನೆಯ ಮೇಜರ್‌ನ ಕಡ್ಡಾಯ ಕೋರ್ಸುಗಳನ್ನೇ ಕೂರಿಸಲು ಅನುಮತಿ ಸಿಕ್ಕರೆ 18 ಉಳಿತಾಯ. ಹಾಗೆಂದರೂ 42 ಹೆಚ್ಚುವರಿ ಕ್ರೆಡಿಟ್, ಒಟ್ಟು 170. ಎಂಟು ಸೆಮಿಸ್ಟರ್‌ಗೆ ಹಂಚಿದರೆ ಸೆಮಿಸ್ಟರ್‌ಗೆ 21ಕ್ಕಿಂತ ಹೆಚ್ಚು. ಪ್ರಯೋಗಾಲಯಗಳೊಂದಿಗೆ ಅದನ್ನು ನಾಲ್ಕು ವರ್ಷ ಎಳೆಯುವುದು ಆರೋಗ್ಯವಂತ ಮನುಷ್ಯನಿಗೆ ಸಾಧ್ಯವಾಗುವ ಮಾತಲ್ಲ. ಹತ್ತು ಸೆಮಿಸ್ಟರ್‌ಗೆ ಹಂಚಿದರೆ 17 ಬರುತ್ತದೆ, ಅಂದರೆ ಐದು ವರ್ಷ.

ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಜೋಡಿಯಲ್ಲಿ ಇನ್ನೂ 24 ಕ್ರೆಡಿಟ್ ಸಮಾನವಾಗಿ ಸಿಗುತ್ತದೆ ಎಂದುಕೊಳ್ಳಿ. ಉಳಿಯುವುದು 36, ಅದರಲ್ಲಿ 18 ಉಳಿತಾಯ, ಹೆಚ್ಚುವರಿ 18 ಮಾತ್ರ. ಒಟ್ಟು 146. ಎಂಟು ಸೆಮಿಸ್ಟರ್‌ಗೆ ಹಂಚಿದರೆ 18ರ ಆಸುಪಾಸು, ಬಿಗಿಯಾದರೂ ಸಾಧ್ಯ. ಒಂದು ಬೇಸಿಗೆ ಅವಧಿ ಬಳಸಿಕೊಂಡರೆ ಉಸಿರಾಡಲು ಜಾಗವಿದೆ.

ನಿಮ್ಮ ಪಟ್ಟಿಯ ಪ್ರತಿ ವಿಶ್ವವಿದ್ಯಾಲಯಕ್ಕೂ ಈ ಲೆಕ್ಕವನ್ನು ಅದರದೇ ಪಠ್ಯಕ್ರಮದ ಅಂಕಿಗಳಿಂದ ಹಾಕಿ. ಒಂದೇ ಜೋಡಿಗೆ ಬೇರೆ ಬೇರೆ ಕಡೆ ಬರುವ ಉತ್ತರಗಳಲ್ಲಿ ಒಂದು ವರ್ಷದಷ್ಟು ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ. ಕೆಲವು ವಿಶ್ವವಿದ್ಯಾಲಯಗಳು ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುತ್ತವೆ. ಅಲ್ಲಿನ ಕ್ರೆಡಿಟ್‌ಗಳನ್ನು ಒಂದೂವರೆಯಿಂದ ಭಾಗಿಸಿದ ಮೇಲೆಯೇ ಸೆಮಿಸ್ಟರ್ ಕ್ರೆಡಿಟ್‌ಗಳ ಜೊತೆ ಹೋಲಿಸಿ.

ಹಂತ 4: ಬಾಗಿಲುಗಳನ್ನು ಪರೀಕ್ಷಿಸಿ

ಪ್ರವೇಶ ಸಿಕ್ಕಿತು ಎಂದ ಮಾತ್ರಕ್ಕೆ ಎರಡು ಮೇಜರ್ ಸಿಕ್ಕಂತೆ ಅಲ್ಲ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಡುವೆ ಇನ್ನೊಂದು ಬಾಗಿಲಿರುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ವರ್ಷದ ಸಾಮಾನ್ಯ ಕಾರ್ಯಕ್ರಮದಲ್ಲಿದ್ದು, ಆಮೇಲೆ ಶಾಖೆಗೆ ಹೋಗುತ್ತಾರೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲೂ ಮೊದಲ ವರ್ಷದ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಶಾಖೆ ಹಂಚುವ ಪ್ರಕ್ರಿಯೆ ಇದೆ. ಮೊದಲ ಮೇಜರ್‌ಗೇ ಹೀಗೆ ಸ್ಪರ್ಧೆ ಇರುವಾಗ, ಎರಡನೆಯದಕ್ಕೆ ಸೀಟು ಖಾಲಿ ಇದ್ದರೆ ಮಾತ್ರ ಅವಕಾಶ ಎಂಬ ನಿಯಮ ಇರುವುದು ಅಪರೂಪವಲ್ಲ.

ಅತಿ ಬಿಗಿಯಾದ ಬಾಗಿಲು ಹೆಚ್ಚಾಗಿ ಕಂಪ್ಯೂಟರ್ ಸೈನ್ಸ್‌ನದು. ಅದು ಎಂಜಿನಿಯರಿಂಗ್ ಕಾಲೇಜಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಾರ್ನಿಗಿ ಮೆಲನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬೇರೆಯದೇ ಶಾಲೆ. ಎರಡು ಮೇಜರ್‌ಗಳು ಎರಡು ಬೇರೆ ಕಾಲೇಜುಗಳಲ್ಲಿದ್ದರೆ ಭಾಷೆ ಮತ್ತು ಮಾನವಿಕ ವಿಷಯಗಳ ಅಗತ್ಯಗಳೂ ಬೇರೆ ಬೇರೆ ಇರಬಹುದು. ಆಗ ನಿಮ್ಮ ಲೆಕ್ಕದ ಆ 24 ಕ್ರೆಡಿಟ್ ಸಮಾನವಾಗಿ ಉಳಿಯುವುದಿಲ್ಲ.

ಇಲ್ಲಿ ಹುಡುಕಬೇಕಾದ ಸಂಗತಿಗಳು ಇಷ್ಟು. ಎರಡನೆಯ ಮೇಜರ್ ಘೋಷಿಸಲು ಎಷ್ಟು ಸರಾಸರಿ ಅಂಕ ಬೇಕು? ಯಾವ ಸೆಮಿಸ್ಟರ್‌ನ ಒಳಗೆ ಘೋಷಿಸಬೇಕು? ಯಾವ ಜೋಡಿಗಳನ್ನು ನಿಷೇಧಿಸಿದ್ದಾರೆ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್‌ನಂಥ ಹತ್ತಿರದ ವಿಷಯಗಳು ಒಂದನ್ನೊಂದು ಹೆಚ್ಚು ಹೋಲುತ್ತವೆ ಎಂಬ ಕಾರಣಕ್ಕೇ ಕೆಲವು ಕಡೆ ಆ ಜೋಡಿಗೆ ಅನುಮತಿ ಇಲ್ಲ. ಇನ್ನು ಕೆಲವು ಕಡೆ ಅದೇ ಜೋಡಿಗೆ ಮುದ್ರಿತ ಮಾರ್ಗಪಟ್ಟಿಯೇ ಇದೆ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಅಂಥದ್ದು.

ಹಂತ 5: ಎಂಟು ಸೆಮಿಸ್ಟರ್‌ಗಳ ಹಾಳೆ

ಉಳಿದ ಯಾವ ಹಂತವನ್ನು ಅವಸರದಲ್ಲಿ ಮುಗಿಸಿದರೂ ಇದನ್ನು ಮಾತ್ರ ನಿಧಾನವಾಗಿ ಮಾಡಿ. ಒಂದು ವಿಶ್ವವಿದ್ಯಾಲಯಕ್ಕೆ ಒಂದು ಸಂಜೆ ಬೇಕಾಗಬಹುದು. ಹತ್ತು ವಿಶ್ವವಿದ್ಯಾಲಯಗಳಿಗೆ ಮಾಡಲು ಹೋಗಬೇಡಿ, ಹಿಂದಿನ ಹಂತಗಳಲ್ಲಿ ಸೋಸಿ ಉಳಿದ ನಾಲ್ಕೈದಕ್ಕೆ ಸಾಕು.

ದೊಡ್ಡ ಹಾಳೆಯ ಮೇಲೆ ಸೆಮಿಸ್ಟರ್‌ಗೆ ಒಂದರಂತೆ ಎಂಟು ಕಂಬ (ಕಾಲಂ) ಎಳೆಯಿರಿ. ಎರಡೂ ವಿಭಾಗಗಳ ಮಾದರಿ ಪಠ್ಯಯೋಜನೆಗಳನ್ನು ಮುಂದಿಟ್ಟುಕೊಳ್ಳಿ. ಒಂದು ಮೇಜರ್‌ನ ಕೋರ್ಸುಗಳಿಗೆ ನೀಲಿ, ಇನ್ನೊಂದಕ್ಕೆ ಕೆಂಪು, ಎರಡಕ್ಕೂ ಸಲ್ಲುವುದಕ್ಕೆ ಹಸಿರು ಬಣ್ಣ. ಮೊದಲು ಬರೆಯಬೇಕಾದದ್ದು ಸರಪಳಿ, ಅಂದರೆ ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಲಾಗದ ಕೋರ್ಸುಗಳ ಸಾಲು. ಎಲೆಕ್ಟ್ರಿಕಲ್‌ನಲ್ಲಿ ಕಲನಶಾಸ್ತ್ರ, ಅದರ ನಂತರ ಡಿಫರೆನ್ಷಿಯಲ್ ಸಮೀಕರಣಗಳು ಮತ್ತು ಸರ್ಕ್ಯೂಟ್, ಅದರ ನಂತರ ಸಿಗ್ನಲ್ಸ್, ಅದರ ನಂತರ ಕಂಟ್ರೋಲ್ ಅಥವಾ ಕಮ್ಯುನಿಕೇಷನ್, ಕೊನೆಗೆ ಎರಡು ಸೆಮಿಸ್ಟರ್‌ಗಳ ಕ್ಯಾಪ್‌ಸ್ಟೋನ್, ಅಂದರೆ ಪದವಿಯ ಅಂತಿಮ ಪ್ರಾಜೆಕ್ಟ್. ಮೆಕ್ಯಾನಿಕಲ್‌ನಲ್ಲಿ ಭೌತಶಾಸ್ತ್ರ, ಸ್ಟ್ಯಾಟಿಕ್ಸ್, ಡೈನಾಮಿಕ್ಸ್ ಮತ್ತು ವಸ್ತುಗಳ ಬಲ, ಯಂತ್ರ ವಿನ್ಯಾಸ, ಮತ್ತೆ ಕ್ಯಾಪ್‌ಸ್ಟೋನ್. ಈ ಸರಪಳಿಗಳು ಪದವಿಯ ಉದ್ದವನ್ನು ನಿರ್ಧರಿಸುತ್ತವೆ. ಕ್ರೆಡಿಟ್‌ಗಳ ಮೊತ್ತ ಎಂಟು ಸೆಮಿಸ್ಟರ್‌ಗೆ ಹಿಡಿಸಿದರೂ ಸರಪಳಿ ಒಂಬತ್ತನೆಯದಕ್ಕೆ ಚಾಚಿದ್ದರೆ ನಿಮ್ಮದು ಒಂಬತ್ತು ಸೆಮಿಸ್ಟರ್‌ಗಳ ಪದವಿ.

ಆಮೇಲೆ ಪ್ರತಿ ಕೋರ್ಸಿನ ಪಕ್ಕದಲ್ಲಿ ಅದು ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ ಎಂದು ಗುರುತು ಹಾಕಿ. ವಿಶ್ವವಿದ್ಯಾಲಯದ ಕೋರ್ಸು ಮತ್ತು ನಿಯಮಗಳ ಕೈಪಿಡಿಯನ್ನು ಪೂರ್ತಿ ನಂಬಬೇಡಿ. ಕೈಪಿಡಿಯಲ್ಲಿ ಹೆಸರಿದ್ದೂ ವರ್ಷಗಟ್ಟಲೆ ನಡೆಯದ ಕೋರ್ಸುಗಳಿರುತ್ತವೆ. ಬಹುತೇಕ ವಿಶ್ವವಿದ್ಯಾಲಯಗಳು ಹಿಂದಿನ ಸೆಮಿಸ್ಟರ್‌ಗಳ ತರಗತಿ ವೇಳಾಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿರುತ್ತವೆ. ಕಳೆದ ಎರಡು ವರ್ಷಗಳ ನಾಲ್ಕು ಪಟ್ಟಿಗಳನ್ನು ತೆರೆದು ನೋಡಿ. ಕೋರ್ಸು ವರ್ಷಕ್ಕೆ ಎಷ್ಟು ಸಲ ನಡೆಯಿತು, ಎಷ್ಟು ಸೆಕ್ಷನ್ (ಅದೇ ಕೋರ್ಸಿನ ಸಮಾನಾಂತರ ತರಗತಿ) ಇತ್ತು, ವಾರದ ಯಾವ ದಿನ ಯಾವ ಹೊತ್ತು?

ಕೊನೆಯದಾಗಿ ಡಿಕ್ಕಿಗಳನ್ನು ಹುಡುಕಿ. ಐದನೆಯ ಮತ್ತು ಆರನೆಯ ಕಂಬಗಳಲ್ಲಿರುವ ನೀಲಿ ಮತ್ತು ಕೆಂಪು ಕೋರ್ಸುಗಳಲ್ಲಿ ವರ್ಷಕ್ಕೊಮ್ಮೆ ಒಂದೇ ಸೆಕ್ಷನ್ ಇರುವಂಥವನ್ನು ಬೇರೆ ಮಾಡಿ, ಅವುಗಳ ದಿನ ಮತ್ತು ಹೊತ್ತನ್ನು ಹೋಲಿಸಿ. ಎರಡು ವರ್ಷವೂ ಒಂದೇ ಹೊತ್ತಿಗೆ ಬಿದ್ದಿದ್ದರೆ ಮೂರನೆಯ ವರ್ಷವೂ ಬೀಳುತ್ತದೆ ಎಂದೇ ತಿಳಿಯಿರಿ, ವಿಭಾಗಗಳು ವೇಳಾಪಟ್ಟಿಯನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಿಸುವುದಿಲ್ಲ. ನನ್ನ ಒಂದು ವರ್ಷವನ್ನು ನುಂಗಿದ ಡಿಕ್ಕಿ ಹಿಂದಿನ ಎರಡು ವರ್ಷಗಳ ಪಟ್ಟಿಯಲ್ಲೂ ಹಾಗೆಯೇ ಇತ್ತು. ನಾನು ನೋಡಿದ್ದು ಆಮೇಲೆ.

ದೊಡ್ಡ ವಿಶ್ವವಿದ್ಯಾಲಯವೋ ಚಿಕ್ಕದೋ ಎಂಬ ಪ್ರಶ್ನೆಗೂ ಉತ್ತರ ಈ ಹಾಳೆಯಲ್ಲೇ ಸಿಗುತ್ತದೆ. ದೊಡ್ಡದರಲ್ಲಿ ಕಡ್ಡಾಯ ಕೋರ್ಸುಗಳು ಎರಡೂ ಸೆಮಿಸ್ಟರ್‌ಗಳಲ್ಲಿ, ಹಲವು ಸೆಕ್ಷನ್‌ಗಳಲ್ಲಿ ನಡೆಯುತ್ತವೆ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಚಿಕ್ಕದರಲ್ಲಿ ಅದು ಕಡಿಮೆ, ಆದರೆ ಎರಡು ಕೋರ್ಸುಗಳು ಡಿಕ್ಕಿಯಾದಾಗ ವಿಭಾಗದ ಮುಖ್ಯಸ್ಥರ ಕೊಠಡಿಗೆ ಹೋಗಿ ಕೇಳಿದರೆ ಸಮಯ ಬದಲಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ದೂರದ ಜೋಡಿಗೆ ದೊಡ್ಡ ವಿಶ್ವವಿದ್ಯಾಲಯವನ್ನೂ ಹತ್ತಿರದ ಜೋಡಿಗೆ ಎರಡರಲ್ಲಿ ಯಾವುದನ್ನಾದರೂ ನಾನು ಸೂಚಿಸುತ್ತೇನೆ.

ಹಂತ 6: ಒಂದು ಕೋರ್ಸನ್ನು ಎರಡು ಕಡೆ ಎಣಿಸಲು ಬಿಡುತ್ತಾರೆಯೇ?

ಮೂರನೆಯ ಹಂತದ ಲೆಕ್ಕದಲ್ಲಿ 18 ಕ್ರೆಡಿಟ್ ಉಳಿತಾಯ ಬಂದದ್ದು ಈ ಅನುಮತಿಯಿಂದ. ಕೆಲವು ವಿಶ್ವವಿದ್ಯಾಲಯಗಳು ಕೋರ್ಸುಗಳನ್ನು ಎರಡೂ ಮೇಜರ್‌ಗಳಿಗೆ ಧಾರಾಳವಾಗಿ ಎಣಿಸುತ್ತವೆ. ಇನ್ನು ಕೆಲವು, ಎರಡನೆಯ ಮೇಜರ್‌ನಲ್ಲಿ ಇಂತಿಷ್ಟು ಕ್ರೆಡಿಟ್ ಬೇರೆಲ್ಲೂ ಎಣಿಸದಂಥದ್ದೇ ಇರಬೇಕು ಎಂದು ಮಿತಿ ಹಾಕುತ್ತವೆ. ಆ ಒಂದು ಸಾಲಿನ ನಿಯಮ ನಿಮ್ಮ ಒಂದು ಸೆಮಿಸ್ಟರ್‌ನ ಬೆಲೆಯದ್ದು.

ಕ್ಯಾಪ್‌ಸ್ಟೋನ್ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ. ಎರಡು ಮೇಜರ್‌ಗೆ ಎರಡು ಅಂತಿಮ ಪ್ರಾಜೆಕ್ಟ್ ಮಾಡಬೇಕೆಂದರೆ ಕೊನೆಯ ವರ್ಷ ಉಸಿರುಗಟ್ಟಿಸುತ್ತದೆ. ಎರಡೂ ವಿಭಾಗಗಳು ಸೇರಿ ಮಾರ್ಗದರ್ಶನ ಮಾಡುವ ಒಂದೇ ಪ್ರಾಜೆಕ್ಟ್‌ಗೆ ಅವಕಾಶವಿರುವ ಕಡೆ, ಎರಡು ವಿಷಯ ಓದಿದ್ದರ ಫಲ ಕಣ್ಣೆದುರು ಒಂದು ವಸ್ತುವಾಗಿ ನಿಲ್ಲುತ್ತದೆ. ನನ್ನ ಮಟ್ಟಿಗೆ, ಇಡೀ ಡಬಲ್ ಮೇಜರ್‌ನಲ್ಲಿ ಅತ್ಯಂತ ಸಂತೋಷ ಕೊಟ್ಟದ್ದು ಅದೇ. ಥರ್ಮೋಡೈನಾಮಿಕ್ಸ್, ಸಂಭವನೀಯತೆ, ಪ್ರೋಗ್ರಾಮಿಂಗ್ ಕೋರ್ಸುಗಳ ಬಗ್ಗೆಯೂ ಎಚ್ಚರವಿರಲಿ. ಎರಡು ವಿಭಾಗಗಳು ತಮ್ಮ ತಮ್ಮ ಆವೃತ್ತಿಯನ್ನು ನಡೆಸುತ್ತಿದ್ದು, ಒಬ್ಬರದನ್ನು ಇನ್ನೊಬ್ಬರು ಒಪ್ಪದಿದ್ದರೆ ಒಂದೇ ವಿಷಯವನ್ನು ಎರಡು ಸಲ ಓದಬೇಕಾಗುತ್ತದೆ.

ಹಂತ 7: ಮಾನ್ಯತೆ

ಅಮೆರಿಕದಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಎಬೆಟ್. 1932ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಅದು ಮಾನ್ಯತೆ ಕೊಡುವುದು ಕಾರ್ಯಕ್ರಮಕ್ಕೆ, ಇಡೀ ವಿಶ್ವವಿದ್ಯಾಲಯಕ್ಕೆ ಅಲ್ಲ. ಆದ್ದರಿಂದ ನಿಮ್ಮ ಎರಡೂ ಮೇಜರ್‌ಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸಿ. ಹೊಸ ಕಾರ್ಯಕ್ರಮದಿಂದ ಒಬ್ಬರಾದರೂ ಪದವಿ ಪಡೆದ ಮೇಲೆಯೇ ಮಾನ್ಯತೆ ಸಿಗುವುದರಿಂದ, ಹೊಸದಾಗಿ ಶುರುವಾದ ಆಕರ್ಷಕ ಹೆಸರಿನ ಮೇಜರ್‌ಗಳಿಗೆ ಅದು ಇನ್ನೂ ಬಂದಿರಲಿಕ್ಕಿಲ್ಲ. ಎಬೆಟ್‌ನ ಪ್ರಕಾರ ಎಂಜಿನಿಯರಿಂಗ್ ಕಾರ್ಯಕ್ರಮದಲ್ಲಿ ಗಣಿತ ಮತ್ತು ಮೂಲವಿಜ್ಞಾನ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳು ಕನಿಷ್ಠ 45 ಇರಬೇಕು. ಎರಡು ಮೇಜರ್‌ಗಳ ಬುನಾದಿ ಇಷ್ಟರಮಟ್ಟಿಗೆ ಹೊಂದಿಕೊಳ್ಳುವುದಕ್ಕೆ ಆ 30 ಕ್ರೆಡಿಟ್ ಒಂದು ಕಾರಣ.

ಬೇರೆ ದೇಶದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ, ಓದುವ ದೇಶ 1989ರ ವಾಷಿಂಗ್ಟನ್ ಒಪ್ಪಂದದಲ್ಲಿ ಇದೆಯೇ ನೋಡಿ. ಅದರಲ್ಲಿರುವ ಸಂಸ್ಥೆಗಳು ಪರಸ್ಪರರ ಮಾನ್ಯತೆಯನ್ನು ಒಪ್ಪುತ್ತವೆ. ವೃತ್ತಿ ಪರವಾನಗಿಗಾಗಿಯೇ ಎರಡನೆಯ ಮೇಜರ್ ಬೇಕೆಂದುಕೊಂಡವರು ಒಂದು ಸಂಗತಿ ಗಮನಿಸಬೇಕು. ಅಮೆರಿಕದಲ್ಲಿ ಪರವಾನಗಿಯ ಮೊದಲ ಮೆಟ್ಟಿಲಾದ ಎಫ್‌ಇ (ಫಂಡಮೆಂಟಲ್ಸ್ ಆಫ್ ಎಂಜಿನಿಯರಿಂಗ್) ಪರೀಕ್ಷೆಯನ್ನು ಏಳು ವಿಭಾಗಗಳಲ್ಲಿ ನಡೆಸುತ್ತಾರೆ, ಅದರಲ್ಲಿ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎರಡೂ ಸೇರಿ ಒಂದೇ ವಿಭಾಗ, ಆ ಜೋಡಿಗೆ ಎರಡು ಬೇರೆ ಪರೀಕ್ಷೆಗಳಿಲ್ಲ.

ಹಂತ 8: ಹಣ ಮತ್ತು ಅವಧಿ

ಶುಲ್ಕವನ್ನು ಕ್ರೆಡಿಟ್ ಲೆಕ್ಕದಲ್ಲಿ ಹಾಕುತ್ತಾರೋ, ಪೂರ್ಣಾವಧಿ ವಿದ್ಯಾರ್ಥಿಗೆ ಒಂದೇ ಮೊತ್ತವೋ? ಒಂದೇ ಮೊತ್ತವಾದರೆ ಎಷ್ಟು ಕ್ರೆಡಿಟ್‌ವರೆಗೆ? ಆ ಮಿತಿ ದಾಟಿದರೆ ಹೆಚ್ಚುವರಿ ಶುಲ್ಕ ಮತ್ತು ಅನುಮತಿ ಎರಡೂ ಬೇಕಾಗಬಹುದು. ಟೆಕ್ಸಸ್, ಫ್ಲಾರಿಡಾದಂಥ ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಕ್ರೆಡಿಟ್ ತೆಗೆದುಕೊಂಡವರಿಗೆ ಹೆಚ್ಚಿನ ದರ ವಿಧಿಸುವ ನಿಯಮಗಳಿವೆ. ಎರಡನೆಯ ಮೇಜರ್‌ನ ಕ್ರೆಡಿಟ್‌ಗಳಿಗೆ ಅದರಿಂದ ವಿನಾಯಿತಿ ಇದೆಯೇ ಎಂದು ಲಿಖಿತವಾಗಿ ಕೇಳಿ. ವಿದ್ಯಾರ್ಥಿವೇತನ ಎಂಟು ಸೆಮಿಸ್ಟರ್‌ಗೆ ನಿಂತರೆ ಒಂಬತ್ತನೆಯದರ ಖರ್ಚು ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ.

ಅಮೆರಿಕಕ್ಕೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಓದಿದ ನಂತರ ಕೆಲಸ ಮಾಡಲು ಸಿಗುವ 12 ತಿಂಗಳ ಒಪಿಟಿ ಅವಕಾಶ ಒಂದು ಶಿಕ್ಷಣ ಹಂತಕ್ಕೆ ಒಂದು ಸಲ. ಪದವಿ ಹಂತದಲ್ಲಿ ಎರಡು ಮೇಜರ್ ಮಾಡಿದರೂ ಅದು ಎರಡು ಪಟ್ಟಾಗುವುದಿಲ್ಲ. ಸ್ನಾತಕೋತ್ತರ ಪದವಿ ಮಾಡಿದರೆ ಮೇಲಿನ ಹಂತವಾದ್ದರಿಂದ ಹೊಸ ಅವಕಾಶ ಸಿಗುತ್ತದೆ. ಎರಡನೆಯ ಹಂತದಲ್ಲಿ ನಾನು ಸ್ನಾತಕೋತ್ತರದ ಪರ ವಾದಿಸಿದ್ದಕ್ಕೆ ಇದೂ ಒಂದು ಕಾರಣ.

ಓದಿನ ನಡುವೆ ಕೆಲವು ತಿಂಗಳು ಕಂಪನಿಯಲ್ಲಿ ಕೆಲಸ ಮಾಡುವ ಕೋ-ಆಪ್ ಪದ್ಧತಿ ಕೂಡ ಇಲ್ಲಿಯೇ ಬರುತ್ತದೆ. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪದ್ಧತಿ ನಿಜಕ್ಕೂ ಅಮೂಲ್ಯ. ಆದರೆ ವರ್ಷಕ್ಕೊಮ್ಮೆ ನಡೆಯುವ ಕೋರ್ಸುಗಳು ಹೆಚ್ಚಿರುವ ಜೋಡಿಯಲ್ಲಿ ಒಂದು ಕೋ-ಆಪ್ ಅವಧಿ ಇಡೀ ಸರಪಳಿಯನ್ನು ಒಂದು ವರ್ಷ ತಳ್ಳಬಲ್ಲದು. ಕೋ-ಆಪ್ ಬೇಕೇ ಬೇಕು ಎಂದಿದ್ದರೆ ಎಂಟು ಕಂಬಗಳ ಹಾಳೆಯಲ್ಲಿ ಅದಕ್ಕೂ ಜಾಗ ಬಿಟ್ಟು ಮತ್ತೊಮ್ಮೆ ಬರೆಯಿರಿ.

ಹಂತ 9: ಬರೆದು ಕೇಳಿ

ಹಾಳೆ ಸಿದ್ಧವಾದ ಮೇಲೆ ಅದನ್ನು ಎರಡನೆಯ ಮೇಜರ್‌ನ ಶೈಕ್ಷಣಿಕ ಸಲಹೆಗಾರರಿಗೆ ಕಳಿಸಿ. ಪ್ರವೇಶ ಕಚೇರಿಗೆ ಕಳಿಸಿದರೆ "ಹೌದು, ನಮ್ಮಲ್ಲಿ ಡಬಲ್ ಮೇಜರ್ ಸಾಧ್ಯವಿದೆ" ಎಂಬ ಸೌಜನ್ಯದ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಸಲಹೆಗಾರರನ್ನು ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ:

- ಕಳೆದ ಕೆಲವು ವರ್ಷಗಳಲ್ಲಿ ಇದೇ ಜೋಡಿಯನ್ನು ಮುಗಿಸಿದ ವಿದ್ಯಾರ್ಥಿಗಳು ಇದ್ದಾರೆಯೇ? ಸಾಮಾನ್ಯವಾಗಿ ಎಷ್ಟು ಸೆಮಿಸ್ಟರ್ ಹಿಡಿಯಿತು?
- ಶುರುಮಾಡಿ ಬಿಟ್ಟವರು ಯಾವ ಹಂತದಲ್ಲಿ ಬಿಟ್ಟರು?
- ನಾನು ಹಸಿರು ಬಣ್ಣ ಹಾಕಿದ ಕೋರ್ಸುಗಳಲ್ಲಿ ಯಾವುದನ್ನು ನೀವು ಎರಡು ಕಡೆ ಎಣಿಸುವುದಿಲ್ಲ?
- ಒಂದೇ ಕ್ಯಾಪ್‌ಸ್ಟೋನ್ ಸಾಕೇ?

ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಎಲ್ಲರೂ ಐದನೆಯ ಸೆಮಿಸ್ಟರ್‌ನಲ್ಲಿ ಬಿಟ್ಟಿದ್ದರೆ ಅಲ್ಲಿ ಒಂದು ಡಿಕ್ಕಿ ಇದೆ, ನಿಮ್ಮ ಹಾಳೆಯಲ್ಲಿ ಅದು ಕಾಣದಿದ್ದರೂ ಇದೆ. ಸಲಹೆಗಾರರ ಅನುಮತಿಯಿಂದ ಆ ಜೋಡಿಯನ್ನು ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರ ಜೊತೆ ಅರ್ಧ ಗಂಟೆ ಮಾತನಾಡಲು ಸಾಧ್ಯವಾದರೆ ಬಿಡಬೇಡಿ. ನೀವು ಕಳಿಸಿದ ಹಾಳೆಯನ್ನು ಓದಿ, ಒಂದು ಕೋರ್ಸಿನ ಜಾಗ ತಪ್ಪಾಗಿದೆ ಎಂದು ತಿದ್ದಿ ಕಳಿಸುವ ಸಲಹೆಗಾರರು ಸಿಕ್ಕರೆ, ಆ ವಿಶ್ವವಿದ್ಯಾಲಯದ ಬಗ್ಗೆ ನನ್ನ ಗೌರವ ರ‍್ಯಾಂಕಿಂಗ್ ನೋಡಿ ಬರುವುದಕ್ಕಿಂತ ಹೆಚ್ಚಾಗುತ್ತದೆ.

ಹಂತ 10: ಹಿಂದಿರುಗುವ ದಾರಿಯನ್ನೂ ನೋಡಿ, ಆಮೇಲೆ ಆರಿಸಿ

ಉಳಿದ ಎರಡು ಮೂರು ವಿಶ್ವವಿದ್ಯಾಲಯಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಡಿ. ನಾಲ್ಕನೆಯ ಸೆಮಿಸ್ಟರ್‌ನ ಕೊನೆಯಲ್ಲಿ ಎರಡನೆಯ ಮೇಜರ್ ಬೇಡವೆನಿಸಿತು ಎಂದುಕೊಳ್ಳಿ. ಅಲ್ಲಿಯವರೆಗೆ ಓದಿದ ಕೆಂಪು ಕೋರ್ಸುಗಳು ಮೈನರ್ ಆಗಿ ಮಾರ್ಪಡುತ್ತವೆಯೇ? ಮೊದಲ ಮೇಜರ್ ಎಂಟು ಸೆಮಿಸ್ಟರ್‌ನಲ್ಲೇ ಮುಗಿಯುತ್ತದೆಯೇ? ಎರಡಕ್ಕೂ ಹೌದು ಎನ್ನುವ ವಿಶ್ವವಿದ್ಯಾಲಯ, ಹೆಸರಿನಲ್ಲಿ ಒಂದೆರಡು ಮೆಟ್ಟಿಲು ಕೆಳಗಿದ್ದರೂ, ನನ್ನ ಆಯ್ಕೆ.

ಸೇರಿದ ದಿನವೇ ಮಾಡಬೇಕಾದ ಒಂದು ಕೆಲಸ ಉಳಿದಿದೆ. ಸಾಮಾನ್ಯವಾಗಿ ನೀವು ಪ್ರವೇಶ ಪಡೆದ ವರ್ಷದ ಕೈಪಿಡಿಯ ನಿಯಮಗಳೇ ನಿಮಗೆ ಅನ್ವಯಿಸುತ್ತವೆ. ಎರಡನೆಯ ಮೇಜರ್‌ಗೆ ಮಾತ್ರ, ಅದನ್ನು ಘೋಷಿಸಿದ ವರ್ಷದ ಕೈಪಿಡಿಯನ್ನು ಅನ್ವಯಿಸುವ ಕಡೆಗಳೂ ಇವೆ. ಎರಡರಲ್ಲಿ ಯಾವುದು ಎಂದು ಸಲಹೆಗಾರರಿಂದ ಬರೆಸಿಕೊಳ್ಳಿ, ಎರಡೂ ಮೇಜರ್‌ಗಳ ಆ ವರ್ಷದ ಪುಟಗಳನ್ನು ಇಳಿಸಿಕೊಂಡು ನಿಮ್ಮ ಎಂಟು ಸೆಮಿಸ್ಟರ್‌ಗಳ ಹಾಳೆಯ ಜೊತೆ ಒಂದೇ ಕಡತದಲ್ಲಿಡಿ, ಪ್ರತಿ ನೋಂದಣಿಗೆ ಒಂದು ವಾರ ಮೊದಲು ಆ ಕಡತವನ್ನು ತೆರೆದು ನೋಡಿ.